ಕರಗುವ ಗಡ್ಡೆಯ ಸುದ್ದಿ ಮತ್ತು ನಮ್ಮ ಭಾವ

ಮಾನ್ಯ ಸಂಪಾದಕರೇ,

ಸ್ವಲ್ಪ ದಿನದ ಹಿಂದೆ ನಿಮ್ಮ ಆರೋಗ್ಯ ಪುಟದಲ್ಲಿ ‘ಕತ್ತರಿ ಬೇಕಿಲ್ಲ, ಔಷಧಿಗೇ ಕರಗುವ ಕರುಳಿನ ಗಡ್ಡೆ’ ಅಂತ ಒಂದು ತಲೆಬರಹ ಬಂದಿತ್ತು, ಮೆಸ್ನಾ ಅನ್ನುವ ಔಷಧಿಯ ಸುದ್ದಿಗೆ. ಓದಿದೆ. ತಲೆಬರಹ ತಪ್ಪು, ಒಳಗಿನ ಸುದ್ದಿ ಮುಕ್ಕಾಲು ಪಾಲು ಸರಿ, ಯಾರೋ ಅವಸರದಲ್ಲಿ ಹಾಕಿರಬೇಕು ಅಂದುಕೊಂಡು ಪೇಪರ್ ಮಡಿಚಿಟ್ಟೆ. ಆವತ್ತೇ ಒಂದು ಸಾಲು ಬರೆದು ಕಳಿಸಿದ್ದರೆ ಈಗ ಇಷ್ಟುದ್ದ ಬರೆಯುವ ಕೆಲಸ ಇರುತ್ತಿರಲಿಲ್ಲ.

ಆಮೇಲಿನ ವಾರ ನಮ್ಮ ಭಾವ ಬಂದರು. ಅಕ್ಕನ ಗಂಡ, ಪಾಂಡವಪುರದ ಹತ್ತಿರ ಹಳ್ಳಿ, ಕಬ್ಬು ಭತ್ತ ಬೆಳೆಯುವವರು, ವಯಸ್ಸು ಅರವತ್ತೊಂದು. ಕೈಯಲ್ಲಿ ಒಂದು ಚೀಲ ಅವರೆಕಾಯಿ, ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ನಿಮ್ಮ ಪೇಪರ್ ತುಂಡು. ಅದನ್ನು ಬಿಚ್ಚಿ ಟೇಬಲ್ ಮೇಲೆ ಹರಡಿ, ಬೆರಳಿಟ್ಟು ತೋರಿಸಿದರು. ‘ಅಲ್ಲ ಕಣವ್ವ, ಪೇಪರ್ನೋರೇ ಬರ್ದವ್ರೆ, ಔಸ್ದಿ ಬುಟ್ರೆ ಕರ್ಗೋಯ್ತದೆ ಅಂತ. ಆಸ್ಪತ್ರೆನೋರು ನೋಡುದ್ರೆ ತಂತಿ ಹಾಕಿ ಕುಯ್ತೀವಿ ಅಂತಾರೆ. ಯಾವ್ದು ದಿಟ?’

ಆಗ ಗೊತ್ತಾಗಿದ್ದು ಇಷ್ಟು. ಎಂಟು ತಿಂಗಳಿಂದ ಮಲದಲ್ಲಿ ಆಗಾಗ ರಕ್ತ ಬರುತ್ತಿತ್ತು. ಮೂಲವ್ಯಾಧಿ ಅಂದುಕೊಂಡು ಊರಲ್ಲೇ ಯಾರೋ ಕೊಟ್ಟ ಪುಡಿ ತಿಂದಿದ್ದಾರೆ. ಕೊನೆಗೆ ಮಗ ಹಟ ಮಾಡಿ ಕರೆದುಕೊಂಡು ಹೋಗಿ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ) ಮಾಡಿಸಿದಾಗ ದೊಡ್ಡ ಕರುಳಿನ ಕೆಳಭಾಗದಲ್ಲಿ 18 ಮಿ.ಮೀ. ಅಗಲದ ಚಪ್ಪಟೆ ಪಾಲಿಪ್, ಅಂದರೆ ಒಳಪೊರೆಯಲ್ಲಿ ಬೆಳೆದ ಗಡ್ಡೆ, ಸಿಕ್ಕಿದೆ. ಅದರ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಅಡಿನೋಮಾ ಅಂತ ಬಂದಿದೆ. ಅಂದರೆ ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೊಂದು ದಿನ ಆಗಬಹುದಾದ ಜಾತಿಯದು. ಅದನ್ನು ತೆಗೆಯಲು ದಿನ ಕೊಟ್ಟಿದ್ದರು. ಆ ದಿನ ಇವರು ಹೋಗಿಲ್ಲ. ಕರಗಿಸುವ ಔಷಧಿ ಬಂದಿರುವಾಗ ಸುಮ್ನೆ ಯಾಕೆ ಕುಯ್ಯಿಸಿಕೊಳ್ಳುವುದು ಅಂತ ಮನೆಯಲ್ಲೇ ಕೂತಿದ್ದಾರೆ. ಅಕ್ಕನಿಗೂ ಹೇಳಿಲ್ಲ.

ನಾನು ಮೈಸೂರಿನ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಸ್ಕೋಪ್ ಅನ್ನುವ ಆ ಕ್ಯಾಮೆರಾ ಕೊಳವೆ ಹಿಡಿಯುವವರು ಡಾಕ್ಟರು, ಆದರೆ ಸೂಜಿ ಚಾಚುವುದು, ಔಷಧಿ ತಳ್ಳುವುದು, ತಂತಿಯ ಕುಣಿಕೆ ಬಿಗಿಸುವುದು ಪಕ್ಕದಲ್ಲಿ ನಿಂತವರ ಕೆಲಸ. ಹಾಗಾಗಿ ಈ ವಿಷಯ ನನಗೆ ಪುಸ್ತಕಕ್ಕಿಂತ ಜಾಸ್ತಿ ಹೆಬ್ಬೆರಳಿನಿಂದ ಗೊತ್ತು.

ಮೊದಲು ಗೋಡೆಯ ಮಾತು. ನಮ್ಮ ಕರುಳಿನ ಗೋಡೆಗೆ ಪದರಗಳಿವೆ. ತೀರಾ ಒಳಗಿನದು ಲೋಳೆಪೊರೆ, ಪಾಲಿಪ್ ಹುಟ್ಟುವುದು ಅಲ್ಲೇ. ಅದರ ಕೆಳಗೆ ಸಡಿಲವಾದ ನಾರುನಾರಾದ ಒಂದು ಪದರ, ರಕ್ತನಾಳಗಳು ಓಡಾಡುವ ಜಾಗ. ಅದರ ಆಚೆಗೆ ಮಾಂಸದ ಪದರ. ಗಾಳಿ ತುಂಬಿ ಉಬ್ಬಿಸಿದಾಗ ದೊಡ್ಡ ಕರುಳಿನ ಇಡೀ ಗೋಡೆಯೇ ಒಂದೆರಡು ಮಿ.ಮೀ. ದಪ್ಪ ಇರುತ್ತದೆ. ಅಷ್ಟು ತೆಳ್ಳಗಿನ ಗೋಡೆಯಿಂದ ಒಳಗಿನ ಪೊರೆಯನ್ನು ಮಾತ್ರ ಎತ್ತಬೇಕು, ಮಾಂಸದ ಪದರಕ್ಕೆ ತಾಗಬಾರದು. ತಾಗಿದರೆ ತೂತು. ತೂತಾದರೆ ಮಲ ಹೊಟ್ಟೆಯೊಳಗೆ ಸೋರಿ, ಕೆಲವೊಮ್ಮೆ ರಾತ್ರೋರಾತ್ರಿ ಹೊಟ್ಟೆ ಕೊಯ್ಯಬೇಕಾಗುತ್ತದೆ.

ಇದಕ್ಕೆ ಮಾಡುವ ಉಪಾಯ ಬಹಳ ಸರಳ, ಬಹಳ ಹಳೆಯದು. ಪಾಲಿಪ್ ಕೆಳಗಿನ ಆ ಸಡಿಲ ಪದರಕ್ಕೆ ಸೂಜಿಯಿಂದ ಸಲೈನ್ ಬಿಡುವುದು. ಪೊರೆ ಪೂರಿಯ ಹಾಗೆ ಉಬ್ಬಿ ಮೇಲಕ್ಕೆ ಬರುತ್ತದೆ, ಮಾಂಸದ ಪದರ ಕೆಳಗೇ ಉಳಿಯುತ್ತದೆ, ನಡುವೆ ನೀರಿನ ಹಾಸಿಗೆ. ಆಗ ತಂತಿ ಕುಣಿಕೆ ಹಾಕಿ ಕರೆಂಟ್ ಕೊಟ್ಟು ಕತ್ತರಿಸಿದರೂ ಬಿಸಿ ಕೆಳಗೆ ಅಷ್ಟಾಗಿ ಮುಟ್ಟುವುದಿಲ್ಲ. ಗುದನಾಳದ ಪಾಲಿಪ್‌ಗಳಿಗೆ ಹೀಗೆ ಸಲೈನ್ ಚುಚ್ಚುವುದನ್ನು 1955ರಲ್ಲೇ ಬರೆದಿಟ್ಟಿದ್ದಾರೆ. ಬಗ್ಗುವ ಸ್ಕೋಪ್ ಬಂದ ಮೇಲೆ 1973ರಲ್ಲಿ ದೊಡ್ಡ ಕರುಳಿಗೂ ಇದನ್ನು ತಂದರು. ಜಪಾನಿನವರು 80ರ ದಶಕದಲ್ಲಿ ಜಠರದ ಶುರುವಿನ ಹಂತದ ಕ್ಯಾನ್ಸರ್‌ಗೆ ಬಳಸಿದರು, ಆಮೇಲೆ 90ರ ದಶಕದ ಕೊನೆಗೆ ತುದಿಗೆ ಪಿಂಗಾಣಿ ಗುಂಡು ಕೂರಿಸಿದ ಪುಟ್ಟ ಚಾಕು ಮಾಡಿಕೊಂಡು, ದೊಡ್ಡ ಗಡ್ಡೆಯನ್ನೂ ಅಡಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಒಂದೇ ತುಂಡಾಗಿ ತೆಗೆಯುವ ಇ.ಎಸ್.ಡಿ. ವಿಧಾನ ಬೆಳೆಸಿದರು.

ಸಲೈನ್‌ಗೆ ಒಂದು ಕಾಯಿಲೆ. ನಿಲ್ಲುವುದಿಲ್ಲ. ಕೆಲವೇ ನಿಮಿಷಕ್ಕೆ ಸುತ್ತಲ ಅಂಗಾಂಶಕ್ಕೆ ಇಂಗಿ ಹೋಗುತ್ತದೆ, ಉಬ್ಬು ಇಳಿಯುತ್ತದೆ, ಮತ್ತೆ ಚುಚ್ಚು, ಮತ್ತೆ ತಳ್ಳು. ಅದಕ್ಕೇ ಗಟ್ಟಿ ದ್ರವಗಳು ಬಂದವು. ಗ್ಲಿಸರಾಲ್, ಪಿಷ್ಟದ ದ್ರಾವಣ, ಸೆಲ್ಯುಲೋಸ್, ಮಂಡಿ ನೋವಿಗೆ ಚುಚ್ಚುತ್ತಾರಲ್ಲ ಆ ಹಯಲುರೋನಿಕ್ ಆಮ್ಲ. ಕೊನೆಯದು ಚೆನ್ನಾಗಿ ನಿಲ್ಲುತ್ತದೆ, ಬೆಲೆಯೂ ಚೆನ್ನಾಗಿಯೇ ಇರುತ್ತದೆ. ರಕ್ತ ಕಡಿಮೆ ಬರಲಿ ಅಂತ ತೀರಾ ತೆಳುವಾಗಿಸಿದ ಅಡ್ರಿನಲಿನ್ ಸೇರಿಸುವುದೂ ಉಂಟು. ಜೊತೆಗೆ ನೀಲಿ ಬಣ್ಣ, ಇಂಡಿಗೊ ಕಾರ್ಮೈನ್ ಅಥವಾ ಮೆಥಿಲೀನ್ ಬ್ಲೂ. ನೀಲಿ ಹಿಡಿದ ಜಾಗ ಸಡಿಲ ಪದರ, ಕತ್ತರಿಸಬಹುದು. ನೀಲಿ ಹಿಡಿಯದೆ ಬೆಳ್ಳಗೆ ಹೊಳೆಯುವ ಪಟ್ಟಿ ಕಂಡರೆ ಮಾಂಸದ ಪದರ ಹತ್ತಿರದಲ್ಲಿದೆ ಅಂತ, ಕೈ ನಿಲ್ಲಬೇಕು. (ಮೆಥಿಲೀನ್ ಬ್ಲೂ ಹಾಕಿಸಿಕೊಂಡವರಿಗೆ ಮಾರನೇ ದಿನ ಮೂತ್ರ ಹಸಿರು ನೀಲಿಯಾಗಿ ಬರಬಹುದು. ಇದನ್ನು ಮೊದಲೇ ಹೇಳದಿದ್ದರೆ ಬೆಳಿಗ್ಗೆ ಐದಕ್ಕೇ ಫೋನ್ ಬರುತ್ತದೆ.) ನನಗಂತೂ ಉಗುರಿನ ಸಂದಿಯಲ್ಲಿ ಆ ನೀಲಿ ಸದಾ ಇರುತ್ತಿತ್ತು. ಚಪಾತಿ ಹಿಟ್ಟು ಕಲಸುವಾಗ ನಮ್ಮ ಯಜಮಾನರು ಕೈ ನೋಡಿ, ನೋಡದವರ ಹಾಗೆ ಇರುತ್ತಿದ್ದರು.

ಈಗ ನಿಮ್ಮ ಸುದ್ದಿಯ ಔಷಧಿಗೆ ಬರುತ್ತೇನೆ. ಅದು ಮೆಸ್ನಾ. ಇದೇನೋ ಹೊಸ ಅಮೃತ ಅಲ್ಲ. ಕ್ಯಾನ್ಸರ್ ವಾರ್ಡಿನವರಿಗೆ ಬಹಳ ಹಳೆಯ ಪರಿಚಯ. ಐಫಾಸ್ಫಮೈಡ್ ಅನ್ನುವ ಕೀಮೋ ಔಷಧಿ ಕೊಟ್ಟಾಗ ಮೂತ್ರಕೋಶ ಸುಟ್ಟು ರಕ್ತ ಬರದಿರಲಿ ಅಂತ ಜೊತೆಗೆ ಇದನ್ನು ಕೊಡುತ್ತಾರೆ. ಗಟ್ಟಿ ಕಫ ತೆಳುವಾಗಲೂ ಬಳಸಿದ್ದಾರೆ. ಇದು ಗಂಧಕ ಇರುವ ರಾಸಾಯನಿಕ. ಪ್ರೋಟೀನ್ ಎಳೆಗಳನ್ನು ಒಂದಕ್ಕೊಂದು ಕಟ್ಟಿರುವ ಗಂಧಕದ ಕೊಂಡಿಗಳಿರುತ್ತವೆ, ಅವನ್ನು ಇದು ಬಿಚ್ಚುತ್ತದೆ. ಬ್ಯೂಟಿ ಪಾರ್ಲರ್‌ನಲ್ಲಿ ಕೂದಲು ಗುಂಗುರು ಮಾಡಲು ಹಚ್ಚುವ ಲೋಷನ್ ಕೆಲಸ ಮಾಡುವುದೂ ಇಂಥ ಕೊಂಡಿಗಳ ಮೇಲೆಯೇ. ಅಲ್ಲಿ ಬೇರೆ ರಾಸಾಯನಿಕ, ದಾರಿ ಒಂದೇ.

ಹಾಗೆ ಕೊಂಡಿ ಬಿಚ್ಚಿದಾಗ ಪದರ ಪದರಗಳ ನಡುವಿನ ನಾರು ಮೆತ್ತಗಾಗುತ್ತದೆ. ಕತ್ತರಿಸಬೇಕಾದ ಕಡೆ ಸ್ವಲ್ಪ ತಳ್ಳಿದರೆ ಬಿಟ್ಟುಕೊಳ್ಳುತ್ತದೆ. ಕಿವಿಯ ಡಾಕ್ಟರುಗಳೂ ಕೊಲೆಸ್ಟಿಯಟೋಮಾ ಅನ್ನುವ ಅಂಟಿಕೊಂಡ ಚರ್ಮದ ಚೀಲ ಬಿಡಿಸಲು ಇದನ್ನು ಹಚ್ಚಿ ನೋಡಿದ್ದಾರೆ. ಆದರೆ ಗಮನಿಸಿ, ಕರಗುವುದು ಗಡ್ಡೆ ಅಲ್ಲ. ಗಡ್ಡೆಗೂ ಗೋಡೆಗೂ ನಡುವಿನ ಅಂಟು ಸಡಿಲವಾಗುತ್ತದೆ, ಅದೂ ಪೂರ್ತಿ ಅಲ್ಲ. ಸುತ್ತಲೂ ಗೀರು ಹಾಕುವುದು, ರಕ್ತನಾಳ ಸುಡುವುದು, ಬಿಡಿಸಿದ್ದನ್ನು ಹೊರಗೆ ತರುವುದು ಎಲ್ಲಾ ಇದ್ದೇ ಇದೆ. ನಿಮ್ಮ ವರದಿಯ ನಾಲ್ಕನೇ ಪ್ಯಾರಾದಲ್ಲಿ ಇದನ್ನೇ ಬರೆದಿದ್ದರು. ನಾಲ್ಕನೇ ಪ್ಯಾರಾವರೆಗೆ ಯಾರು ಓದುತ್ತಾರೆ ಹೇಳಿ? ಭಾವ ಕತ್ತರಿಸಿಕೊಂಡು ತಂದ ತುಂಡಿನಲ್ಲಿ ಆ ಪ್ಯಾರಾ ಇರಲೇ ಇಲ್ಲ, ಪಕ್ಕದ ಕಾಲಂಗೆ ಹೋಗಿತ್ತು.

ಇನ್ನೊಂದು ವಿಷಯ ವರದಿಯಲ್ಲಿ ಎಲ್ಲೂ ಇರಲಿಲ್ಲ. ಜಪಾನಿನಲ್ಲಿ ಜಠರದ ಶುರುವಿನ ಹಂತದ ಗಡ್ಡೆಗಳ ಮೇಲೆ ಮೆಸ್ನಾವನ್ನು ಸಲೈನ್ ಜೊತೆ ಹೋಲಿಸಿ ನೋಡಿದ್ದಾರೆ, ಯಾರಿಗೆ ಯಾವುದು ಅಂತ ಡಾಕ್ಟರಿಗೂ ರೋಗಿಗೂ ಗೊತ್ತಿಲ್ಲದ ಹಾಗೆ. 2014ರಲ್ಲಿ ಅದು ಅಚ್ಚಾಯಿತು. ಪದರ ಬಿಡಿಸುವ ಸರಾಸರಿ ಸಮಯದಲ್ಲಿ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಸಿಗಲಿಲ್ಲ. ಬಿಡಿಸುವುದೇ 30 ನಿಮಿಷ ಮೀರಿದ ಕಷ್ಟದ ಕೇಸ್‌ಗಳು ಮೆಸ್ನಾ ಕಡೆ ಕಡಿಮೆ ಇದ್ದವು. ಅಂದರೆ ಕೆಲಸಕ್ಕೆ ಬರುವ ಸಹಾಯಕ, ಒಪ್ಪುತ್ತೇನೆ. ಕಷ್ಟದ ಕೇಸಿನಲ್ಲಿ ಸ್ವಲ್ಪ ಸಮಯ ಉಳಿದರೂ ಸಣ್ಣ ವಿಷಯ ಅಲ್ಲ, ಅರಿವಳಿಕೆಯಲ್ಲಿ ಮಲಗಿದವರಿಗೂ ನಿಂತು ನಿಂತು ಕಾಲು ಊದಿಸಿಕೊಂಡ ನಮಗೂ. ಆದರೆ ‘ಕತ್ತರಿ ಬೇಕಿಲ್ಲ’ ಅಂತ ಬರೆಯುವಷ್ಟು? ಇಲ್ಲವೇ ಇಲ್ಲ.

ಇಷ್ಟನ್ನೂ ಭಾವನಿಗೆ ಹೇಗೆ ಹೇಳುವುದು? ಪ್ರೋಟೀನು, ಗಂಧಕ ಅಂದರೆ ಎದ್ದು ಹೋಗುತ್ತಾರೆ. ಅವರು ತಂದ ಅವರೆಕಾಯಿಯೇ ದಾರಿ ತೋರಿಸಿತು. ಸೊಗಡಿನ ಕಾಲ, ಕಾಯಿ ಮುಟ್ಟಿದರೆ ಕೈಗೆ ಅಂಟು. ಹಿಂದಿನ ರಾತ್ರಿ ಬಿಡಿಸಿದ ಕಾಳನ್ನು ಬೇಸಿನ್ನಿನಲ್ಲಿ ನೀರು ಹಾಕಿ ನೆನೆಸಿಟ್ಟಿದ್ದೆ, ಹಿದುಕಿದ ಬೇಳೆ ಸಾರಿಗೆ. ಬೆಳಿಗ್ಗೆ ಬೇಸಿನ್ ಅವರ ಮುಂದೆ ಇಟ್ಟೆ. ಪಕ್ಕದಲ್ಲಿ ನೆನೆಸದ ಹಸಿ ಕಾಳು ಒಂದು ಹಿಡಿ.

‘ಭಾವ, ಇದನ್ನ ಹಿದುಕಿ’ ಅಂದೆ. ನೆನೆಸದ ಕಾಳು ಹಿದುಕಿದರು. ಸಿಪ್ಪೆ ಬರಲಿಲ್ಲ, ಉಗುರು ಹಾಕಿದರು, ಬೇಳೆ ಚೂರಾಯಿತು. ‘ಈಗ ಇದನ್ನ.’ ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರು. ಬೇಳೆ ಪುಳಕ್ಕನೆ ಹಾರಿ ಹೋಗಿ ಸೋಫಾ ಕೆಳಗೆ ಬಿತ್ತು, ಸಿಪ್ಪೆ ಬೆರಳಲ್ಲೇ ಉಳಿಯಿತು.

‘ನೀರು ಸಿಪ್ಪೇನ ಕರಗಿಸ್ತಾ?’

‘ಇಲ್ಲ, ಸಡಿಲ ಮಾಡ್ತು.’

‘ಹಿದುಕಿದ್ದು ಯಾರು?’

ಬೆರಳು ನೋಡಿಕೊಂಡು ನಕ್ಕರು. ನಾನು ಹೇಳಿದ್ದು ಇಷ್ಟೇ. ನಿಮ್ಮ ಪಾಲಿಪ್ ಆ ಸಿಪ್ಪೆ, ಕರುಳಿನ ಗೋಡೆ ಆ ಬೇಳೆ. ಔಷಧಿ ಯಾವುದೇ ಇರಲಿ, ಅದು ಬೇಸಿನ್ನಿನ ನೀರು. ಹಿದುಕುವ ಬೆರಳು ಬೇಕೇ ಬೇಕು, ಅದು ಡಾಕ್ಟರ ಕೈಯಲ್ಲಿರುವ ತಂತಿ. ನೆನೆಯದೆ ಉಗುರು ಹಾಕಿದರೆ ಬೇಳೆ ಒಡೆಯುತ್ತದೆ ನೋಡಿ, ಹಾಗಾಗದಿರಲಿ ಅಂತ ಇಷ್ಟೆಲ್ಲಾ. (ಹೋಲಿಕೆ ಪೂರ್ತಿ ಕೂಡುವುದಿಲ್ಲ ಅಂತ ನನಗೂ ಗೊತ್ತು. ಅವರೆಗೆ ನೀರು ತಾನಾಗಿ ಹೀರಿಕೊಳ್ಳುತ್ತದೆ, ಇಲ್ಲಿ ಸೂಜಿಯಲ್ಲಿ ತಳ್ಳಬೇಕು. ಡಾಕ್ಟರುಗಳು ಯಾರಾದರೂ ಓದುತ್ತಿದ್ದರೆ ಬೈಯಬೇಡಿ.)

ಅವರೇ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಬೇಸಿನ್ನಿನಲ್ಲಿ ಎಷ್ಟು ನೆಂದರೂ ಬಿಡದ ನಾಲ್ಕಾರು ಕಾಳು ಇದ್ದೇ ಇರುತ್ತವಲ್ಲ, ಹುಳು ಹೊಕ್ಕಿದ್ದು, ಬಲಿತು ಒಣಗಿದ್ದು. ‘ಅಂಗೇನಾರ ಆದ್ರೆ?’ ಅಂದರು. ಇಡೀ ವಿಷಯದ ಗಂಟು ಇರುವುದು ಅಲ್ಲೇ. ಸಲೈನ್ ತಳ್ಳಿದಾಗ ಸುತ್ತಲಿನ ಪೊರೆ ಉಬ್ಬಿ, ಪಾಲಿಪ್ ಮಾತ್ರ ನಡುವೆ ಗುಳಿಯ ಹಾಗೆ ಕೆಳಗೇ ಕೂತರೆ ಎರಡು ಅರ್ಥ. ಒಂದೋ ಹಿಂದೆ ಯಾರೋ ಅರ್ಧಂಬರ್ಧ ತೆಗೆದು, ಅಥವಾ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಯಾಪ್ಸಿ ತೆಗೆದು, ಗಾಯ ಮಾಗಿ ಅಂಟಿಕೊಂಡಿದೆ. ಇಲ್ಲವೇ ಕ್ಯಾನ್ಸರ್ ಆಗಿ ಬೇರು ಕೆಳಗಿಳಿದಿದೆ. ಎರಡನೆಯದಾದರೆ ಸ್ಕೋಪ್‌ನಲ್ಲಿ ತೆಗೆಯುವ ಮಾತೇ ಇಲ್ಲ, ಆಪರೇಷನ್ ಬೇಕು. ಅಂದರೆ ಆ ಸಿರಿಂಜ್ ನೀರು ಬರೀ ಸಹಾಯಕ್ಕಲ್ಲ, ಅದೊಂದು ಪರೀಕ್ಷೆ ಕೂಡ. ಎಷ್ಟೋ ಸಲ ನನ್ನ ಹೆಬ್ಬೆರಳಿಗೆ ಸಿರಿಂಜ್ ಗಟ್ಟಿಯಾಗಿ ತಡೆದಾಗ ಪರದೆ ನೋಡುವ ಮುಂಚೆಯೇ ಎದೆ ಧಸಕ್ ಅಂದಿದೆ. ಏರದ ಗಡ್ಡೆಯನ್ನು ರಾಸಾಯನಿಕ ಹಾಕಿ ಹೇಗಾದರೂ ಏರಿಸಿಬಿಡೋಣ ಅನ್ನುವ ಹುರುಪು ಬಂದರೆ ಅದು ಅಪಾಯ. ಈ ಮಾತು ನಿಮ್ಮ ವರದಿಯಲ್ಲಿ ಒಂದು ಸಾಲಾದರೂ ಇರಬೇಕಿತ್ತು.

ಒಂದೇ ತುಂಡಾಗಿ ತೆಗೆಯಬೇಕು ಅಂತ ಒದ್ದಾಡುವುದು ಯಾಕೆ ಅನ್ನುವುದನ್ನೂ ಜನ ಕೇಳುತ್ತಾರೆ. ತೆಗೆದ ಮೇಲೆ ಆ ತುಂಡನ್ನು ನಾವು ಥರ್ಮೋಕೋಲ್ ಮೇಲೆ ಹರಡಿ, ಅಂಚಿನ ಸುತ್ತ ಗುಂಡುಸೂಜಿ ಚುಚ್ಚಿ, ಮುದುಡದ ಹಾಗೆ ಮಾಡಿ ಫಾರ್ಮಲಿನ್‌ನಲ್ಲಿ ಮುಳುಗಿಸುತ್ತಿದ್ದೆವು. ನೋಡಲು ಬಾಡಿದ ವೀಳ್ಯದೆಲೆಯ ಚೂರಿನ ಹಾಗಿರುತ್ತದೆ. ಪ್ಯಾಥಾಲಜಿಯವರು ಅದರ ನಾಲ್ಕೂ ಅಂಚು ನೋಡಿ, ಎಲ್ಲಾ ಬಂದಿದೆಯಾ, ಏನಾದರೂ ಉಳಿದಿದೆಯಾ, ಎಷ್ಟು ಆಳ ಹೋಗಿತ್ತು ಅಂತ ಹೇಳಬೇಕು. ಚೂರುಚೂರಾಗಿ ಬಂದರೆ ಯಾವ ಚೂರಿನ ಯಾವ ಅಂಚು ಅಂತ ಹೇಗೆ ಹೇಳುವುದು? ಅಂಥವರಲ್ಲಿ ಮತ್ತೆ ಬೆಳೆಯುವುದೂ ಜಾಸ್ತಿ, ಅದಕ್ಕೇ ಆರು ತಿಂಗಳಿಗೆ ಮತ್ತೆ ಕರೆದು ನೋಡುತ್ತಾರೆ. ಈಗ ಯೋಚಿಸಿ, ಗಡ್ಡೆ ನಿಜಕ್ಕೂ ಔಷಧಿಯಲ್ಲಿ ಕರಗಿ ಹೋಗಿಬಿಟ್ಟರೆ ಪರೀಕ್ಷೆಗೆ ಕಳಿಸುವುದು ಏನನ್ನು? ಕರಗುವುದು ಒಳ್ಳೆಯ ಸುದ್ದಿಯೇ ಅಲ್ಲ!

ತಪ್ಪೆಲ್ಲಾ ಪತ್ರಿಕೆಯದೇ ಅಂತಲೂ ಹೇಳುವುದಿಲ್ಲ. ಭಾವನಿಗೆ ಪಾಲಿಪ್ ಇದೆ ಅಂತ ಹೇಳಿದ ಆಸ್ಪತ್ರೆಯಲ್ಲಿ ಕೌಂಟರಿನವರು ಖರ್ಚಿನ ಅಂದಾಜು ಚೀಟಿ ಕೊಟ್ಟು, ದಿನ ಬರೆದು ಕಳಿಸಿದ್ದಾರೆ. ಏನು ತೆಗೆಯುತ್ತಾರೆ, ಹೇಗೆ ತೆಗೆಯುತ್ತಾರೆ, ಹೊಟ್ಟೆ ಕೊಯ್ಯುತ್ತಾರಾ ಇಲ್ಲವಾ, ಒಂದು ಮಾತು ಯಾರೂ ಕೂರಿಸಿ ಹೇಳಿಲ್ಲ. ‘ಕುಯ್ತೀವಿ’ ಅನ್ನುವ ಒಂದು ಪದ ಮಾತ್ರ ಇವರ ತಲೆಯಲ್ಲಿ ಉಳಿದಿದೆ. ಆ ಖಾಲಿ ಜಾಗಕ್ಕೆ ನಿಮ್ಮ ತಲೆಬರಹ ಬಂದು ಕೂತಿತು. ಐದು ನಿಮಿಷ ಮಾತಾಡುವವರು ಅಲ್ಲಿ ಒಬ್ಬರಿದ್ದಿದ್ದರೆ ಪೇಪರ್ ತುಂಡು ಜೇಬಿಗೆ ಹೋಗುತ್ತಲೇ ಇರಲಿಲ್ಲ.

ಇನ್ನು ಆಗಿದ್ದು ಹೇಳಿಬಿಡುತ್ತೇನೆ. ಹೊಸ ದಿನ ತೆಗೆದುಕೊಂಡೆವು. ಹೃದಯಕ್ಕೆ ಅಂತ ಊರಿನ ಡಾಕ್ಟರು ಬರೆದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರು, ಅದನ್ನೂ ಇಲ್ಲಿ ಯಾರಿಗೂ ಹೇಳಿರಲಿಲ್ಲ. ‘ಅವ್ರು ಕೇಳ್ನಿಲ್ಲ, ನಾನು ಹೇಳ್ನಿಲ್ಲ.’ ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು, ಮುಚ್ಚಿಡಲೂಬಾರದು, ನಿಲ್ಲಿಸುವುದೋ ಮುಂದುವರಿಸುವುದೋ ಇಬ್ಬರು ಡಾಕ್ಟರು ಸೇರಿ ಹೇಳಬೇಕು. ಎರಡು ದಿನ ಮುಂಚಿನಿಂದ ರಾಗಿ ಮುದ್ದೆ, ಸೊಪ್ಪು, ಬೀಜ ಇರುವ ಹಣ್ಣು ಬಂದ್. ಮಂಡ್ಯ ಕಡೆಯವರಿಗೆ ಎರಡು ದಿನ ಮುದ್ದೆ ಇಲ್ಲ ಅನ್ನುವುದು ಕರುಳಿಗೆ ತಂತಿ ಹಾಕುವುದಕ್ಕಿಂತ ದೊಡ್ಡ ಶಿಕ್ಷೆ. ಬರೀ ಅನ್ನ ತಿಂದು ‘ಹೊಟ್ಟೆಗೇ ತಾಕ್ನಿಲ್ಲ’ ಅಂತ ಗೊಣಗಿಕೊಂಡೇ ಮಲಗಿದರು. ರಾತ್ರಿ ಅರ್ಧ, ಬೆಳಗಿನ ಜಾವ ಅರ್ಧ, ಕರುಳು ಖಾಲಿ ಮಾಡುವ ಆ ಉಪ್ಪುಪ್ಪು ಪುಡಿಯ ನೀರು ಕುಡಿಸಿದೆವು. ಮಜ್ಜಿಗೆ ಹಾಕಿ ಕೊಡು ಅಂದರು. ಕೊಡಲಿಲ್ಲ.

ಕೆಲಸ ಮುಕ್ಕಾಲು ಗಂಟೆಯೊಳಗೆ ಮುಗಿಯಿತು. ಬರೀ ಸಲೈನ್, ನೀಲಿ ಬಣ್ಣ, ತಂತಿ ಕುಣಿಕೆ. ಒಂದೇ ತುಂಡಾಗಿ ಬಂತು, ಗಾಯಕ್ಕೆ ಎರಡು ಕ್ಲಿಪ್ ಹಾಕಿದರು. ಮೆಸ್ನಾ ಬೇಕಾಗಲೇ ಇಲ್ಲ. ಆ ಅಳತೆಯ, ಚೆನ್ನಾಗಿ ಏರುವ ಪಾಲಿಪ್‌ಗೆ ಅದು ಬೇಕಾಗುವುದೂ ಇಲ್ಲ. ಎರಡು ವಾರ ಭಾರ ಎತ್ತಬೇಡಿ, ರಕ್ತ ಜಾಸ್ತಿ ಬಂದರೆ ತಕ್ಷಣ ಬನ್ನಿ ಅಂದರು, ಯಾಕಂದರೆ ಕೆಲವರಿಗೆ ವಾರ ಹತ್ತು ದಿನ ಬಿಟ್ಟೂ ರಕ್ತ ಬರುವುದುಂಟು. ಏನೂ ಆಗಲಿಲ್ಲ. ರಿಪೋರ್ಟ್ ಮೊನ್ನೆ ಬಂತು, ಅಡಿನೋಮಾ, ಅಂಚುಗಳಲ್ಲಿ ಏನೂ ಉಳಿದಿಲ್ಲ, ಮೂರು ವರ್ಷಕ್ಕೆ ಮತ್ತೆ ನೋಡೋಣ ಅಂದಿದ್ದಾರೆ.

ನಮ್ಮ ಭಾವನಿಗೆ ಮೈಸೂರಿನಲ್ಲಿ ನಾದಿನಿ ಇದ್ದಳು, ಜೊತೆಗೆ ಅವರೆಕಾಯಿ ಕಾಲ. ಅದೇ ತಲೆಬರಹ ಕತ್ತರಿಸಿ ಜೇಬಲ್ಲಿಟ್ಟುಕೊಂಡವರು ಇನ್ನೂ ಎಷ್ಟು ಜನರೋ. ಅವರಲ್ಲಿ ಯಾರಿಗಾದರೂ ಪಾಲಿಪ್ ಆಗಲೇ ಬೇರು ಬಿಡಲು ಶುರು ಮಾಡಿದ್ದರೆ ಕಾಯುವುದು ತಮಾಷೆ ಅಲ್ಲ.

ಅದಕ್ಕೆ ನನ್ನ ಕೋರಿಕೆ. ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ, ಕಳೆದುಹೋದ ಮಾರ್ಕ್ಸ್ ಕಾರ್ಡ್ ಜಾಹೀರಾತುಗಳ ನಡುವೆ ಅಲ್ಲ, ಅದೇ ಆರೋಗ್ಯ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ. ‘ಕರಗುವುದಿಲ್ಲ, ಸಡಿಲವಾಗುತ್ತದೆ, ತೆಗೆಸಿಕೊಳ್ಳಲೇಬೇಕು’ ಅಂತ ಮೂರು ಮಾತು ಸಾಕು. ಮೈಸೂರು ಆವೃತ್ತಿಯ ಜೊತೆ ಮಂಡ್ಯ ಆವೃತ್ತಿಯಲ್ಲೂ ಬರಲಿ, ಭಾವ ಓದುವುದು ಅದನ್ನೇ.

ಇಂತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ಕುವೆಂಪುನಗರ, ಮೈಸೂರು